ದೋಟಿಯ ತುದಿಗೆ ಕಣ್ಣಿಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದಲ್ಲಿ, ನೆಲದಿಂದ ಹಾರಿ ವಿಮಾನವನ್ನು ಹೊಡೆಯುವ ‘ಆಕಾಶ್’ ಕ್ಷಿಪಣಿ ಬಳಕೆಯಾದ ಸುದ್ದಿಯನ್ನು ಮಕ್ಕಳು ರಜೆಯಲ್ಲೇ ಟಿ.ವಿ.ಯಲ್ಲಿ ನೋಡಿದ್ದರು. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಹತ್ತನೆಯವರು ಕೇಳಿದರು: “ಅಷ್ಟು ವೇಗದಲ್ಲಿ ಹೋಗುವಾಗ ಅದಕ್ಕೆ ವಿಮಾನ ಹೇಗೆ ಕಾಣ್ತದೆ ಸರ್?”

ಕಾಣುವುದೇ ಇಲ್ಲ ಎಂದೆ. ಬೋರ್ಡಿನಲ್ಲಿ ರಾಡಾರ್, ನಿಯಂತ್ರಣ ಕೇಂದ್ರ, ಲಾಂಚರ್ ಅಂತ ಚೌಕ ಬರೆದು, ಬಾಣ ಎಳೆದು, ‘ಆದೇಶ ಮಾರ್ಗದರ್ಶನ’ ಎಂದು ದೊಡ್ಡದಾಗಿ ಬರೆದೆ. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ ಎಂದು ಬದುಕುವ ಮಕ್ಕಳ ಮುಖದಲ್ಲಿ ಆ ಪದ ಏನನ್ನೂ ಹೊತ್ತಿಸಲಿಲ್ಲ.

ಆ ವರ್ಷ ಮೇ 24ಕ್ಕೇ ಮಳೆಗಾಲ ಹಿಡಿದಿತ್ತು. ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಅರ್ಧಕ್ಕೇ ನಿಂತಿತ್ತು. ಸಂಜೆ ಮಳೆ ಹೊಳವಾದಾಗ ತೋಟಕ್ಕೆ ಇಳಿದೆವು. ಆಳು ಕೆಳಗೆ ನಿಂತು, ಉದ್ದ ಮಾಡಬಹುದಾದ ಕೋಲು, ಅಂದರೆ ದೋಟಿ ಎತ್ತಿ ಅಡಿಕೆಗೊನೆಗೆ ಮದ್ದು ಬಿಡುತ್ತಿದ್ದ. ತುದಿಯ ನಾಜಲ್‌ಗೆ ಗೊನೆ ಎಲ್ಲಿದೆ ಎಂದು ಗೊತ್ತಿಲ್ಲ. ಗೊನೆಯನ್ನೂ ನಾಜಲನ್ನೂ ನೋಡುತ್ತಿರುವುದು ಕೆಳಗಿನ ಕಣ್ಣು. ನಡುವಿನ ಅಂತರ ಕಂಡಂತೆ ಕೈ ವಾಲುತ್ತದೆ. ಆಕಾಶ್ ಕೂಡ ಹೀಗೇ. ಗುರಿಯನ್ನೂ ತನ್ನ ಕ್ಷಿಪಣಿಯನ್ನೂ ಒಟ್ಟಿಗೆ ನೋಡುವುದು ನೆಲದ ಮೇಲಿನ ‘ರಾಜೇಂದ್ರ’ ರಾಡಾರ್, ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿದ್ದು. ಎತ್ತ ತಿರುಗಬೇಕೆಂಬ ಆದೇಶ ರೇಡಿಯೊ ಮೂಲಕ ಮೇಲೆ ಹೋಗುತ್ತದೆ.

ಮರುದಿನ ದೋಟಿಯನ್ನೇ ಶಾಲೆಗೆ ಒಯ್ದೆ. ಕರೆಂಟಿನ ತಂತಿ ಹಾಯದ ಮೂಲೆ ನೋಡಿಕೊಂಡೆ. ಅದರಲ್ಲಿ ಮಾತ್ರ ಯಾರೂ ಸಡಿಲ ಬಿಡಬಾರದು. ತೆಂಗಿನ ಮರಕ್ಕೆ ಬಲೂನು ಕಟ್ಟಿ ಮುಟ್ಟಿಸಲು ಹೇಳಿದೆ. ದೋಟಿ ಗಿಡ್ಡ ಇದ್ದಾಗ ಎಲ್ಲರೂ ಮುಟ್ಟಿಸಿದರು. ಉದ್ದ ಮಾಡಿದ್ದೇ ತಡ, ತುದಿ ತೂರಾಡಿತು. ಆಗ ಲೆಕ್ಕ ಹಾಕಿಸಿದೆ: ಒಂದು ಡಿಗ್ರಿ ತಪ್ಪಿದರೆ 10 ಮೀಟರಿನಲ್ಲಿ 17 ಸೆಂ.ಮೀ. ಆಚೆ, ಆಕಾಶ್ ತಲುಪಬಲ್ಲ 25 ಕಿ.ಮೀ.ನಲ್ಲಿ 436 ಮೀಟರ್ ಆಚೆ! ಆ ಸಂಖ್ಯೆ ಬಂದಾಗ ತರಗತಿ ಸ್ತಬ್ಧವಾಯಿತು. ರಾಡಾರ್ ಎಷ್ಟು ಸೂಕ್ಷ್ಮವಾಗಿ ಅಳೆಯಬೇಕೆಂದು ನಾನು ಹೇಳಬೇಕಾಗಲೇ ಇಲ್ಲ. ಮದ್ದಿನ ಹನಿ ಚದುರಿ ಗೊನೆಗೆ ತಾಗುವ ಹಾಗೆ, ಆಕಾಶ್ ಕೂಡ ವಿಮಾನಕ್ಕೆ ಡಿಕ್ಕಿ ಹೊಡೆಯಲೇಬೇಕೆಂದಿಲ್ಲ. ಹತ್ತಿರ ಬಂದದ್ದು ತಿಳಿದು ಸಿಡಿಯುತ್ತದೆ. ಸುಮಾರು 60 ಕಿಲೋ ಸಿಡಿತಲೆಯ ಚೂರುಗಳು ಉಳಿದದ್ದನ್ನು ಮಾಡುತ್ತವೆ.

ವೇಗಕ್ಕೆ ನಮ್ಮೂರಿನ ದೂರವನ್ನೇ ಹಿಡಿದೆ. ಕಾಸರಗೋಡಿನಿಂದ ಮಂಜೇಶ್ವರಕ್ಕೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ 25 ಕಿ.ಮೀ. ಶಬ್ದದ ಎರಡೂವರೆ ಪಟ್ಟು ವೇಗದಲ್ಲಿ ಅದು ಅರ್ಧ ನಿಮಿಷದ ದಾರಿ. ಅಷ್ಟರಲ್ಲಿ ಸೆಕೆಂಡಿಗೆ 250 ಮೀಟರ್ ಹೋಗುವ ವಿಮಾನ ಏಳೂವರೆ ಕಿ.ಮೀ. ಸರಿದಿರುತ್ತದೆ. ಈಗ ಇರುವ ಜಾಗಕ್ಕಲ್ಲ, ಆಗ ಇರುವ ಜಾಗಕ್ಕೆ ಹೋಗಬೇಕು. ಅದರ ರ‍್ಯಾಮ್‌ಜೆಟ್ ಎಂಜಿನ್ ಬಗ್ಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ: ಮೊದಲು ಬೂಸ್ಟರ್ ನೂಕುತ್ತದೆ, ಆಮೇಲೆ ವೇಗಕ್ಕೆ ನುಗ್ಗುವ ಗಾಳಿಯೇ ಒಲೆಗೆ ಊದುಗೊಳವೆ.

1983ರಲ್ಲಿ ಶುರುವಾದ ಕ್ಷಿಪಣಿ ಕಾರ್ಯಕ್ರಮದ ಕೂಸು ಆಕಾಶ್. ಯೋಜನಾ ನಿರ್ದೇಶಕರಾಗಿದ್ದವರು ಪ್ರಹ್ಲಾದ ರಾಮರಾವ್. ಭೂಸೇನೆಯ ಕೈಗೆ ಬಂದದ್ದು 2015ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡವರನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. “ದೋಟಿಯ ತುದಿಗೇ ಮೊಬೈಲ್ ಕಟ್ಟಿದರೆ?” ಆಕಾಶ್‌ನ ಹೊಸ ಪೀಳಿಗೆಯಾದ ಆಕಾಶ್-ಎನ್‌ಜಿಯಲ್ಲಿ ಮಾಡಿರುವುದು ಅದನ್ನೇ ಎಂದೆ: ಕ್ಷಿಪಣಿಯ ಮೂತಿಯಲ್ಲೇ ಗುರಿ ಹುಡುಕುವ ಸೀಕರ್ ಇದೆ.

ಎರಡನೇ ಸಲ ಮದ್ದು ಬಿಡುವಾಗ ಹಳೆಯ ಮೊಬೈಲೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತುದಿಗೆ ಕಟ್ಟಿ, ವಿಡಿಯೊ ಕರೆ ಮಾಡಿ ಕೆಳಗೆ ನೋಡಿದೆ. ಹಿಂಬದಿಯ ಗೊನೆಗಳಿಗೆ ಮದ್ದು ತಾಗಿರಲೇ ಇಲ್ಲ.