ಟ್ಯೂಬ್‌ಲೈಟ್ ಮೇಲೆ ಬೆಳವ ಗೂಡು ಕಟ್ಟಿದ್ರೆ ಏನ್ ಮಾಡ್ಬೇಕು?

ಬೆಳವ ಅಂದ್ರೆ ಅಪಾರ್ಟ್‌ಮೆಂಟ್ ಪಾರಿವಾಳ ಅಲ್ಲ. ಅದಕ್ಕಿಂತ ಚಿಕ್ಕದು, ಸಪೂರ. ಕತ್ತಿನ ಹಿಂದೆ ಕಪ್ಪು ಬಿಳಿ ಚುಕ್ಕೆ ಇದ್ರೆ ಅದು ಚುಕ್ಕೆ ಬೆಳವ, ಕೆಲವು ಕಡೆ ಚೋರೆ ಹಕ್ಕಿ ಅಂತಾರೆ. ಗೂಡು ಕಟ್ಟೋದ್ರಲ್ಲಿ ಮಾತ್ರ ಮಹಾ ಸೋಮಾರಿ, ನಾಕು ಕಡ್ಡಿ ಅಡ್ಡಡ್ಡ ಇಟ್ಟು ಆಯ್ತು ಅನ್ನತ್ತೆ, ಕೆಳಗಿಂದ ನೋಡಿದ್ರೆ ಸಂದಿಯಲ್ಲಿ ಮೊಟ್ಟೆ ಕಾಣ್ಸತ್ತೆ. ಜಾಗನೂ ಅಷ್ಟೇ: ಟ್ಯೂಬ್‌ಲೈಟ್ ಪಟ್ಟಿ, ಎಸಿ ಔಟ್‌ಡೋರ್ ಯೂನಿಟ್, ಮೀಟರ್ ಬೋರ್ಡ್, ನೇತುಹಾಕಿರೋ ಹೂಕುಂಡ.

ಮೊದಲು ಮೊಟ್ಟೆ ಇದ್ಯಾ ನೋಡಿ. ಹಕ್ಕಿ ಇಲ್ಲದಾಗ ಮೊಬೈಲ್ ಎತ್ತಿ ಹಿಡಿದು ಒಂದು ಫೋಟೋ ತೆಗೆದ್ರೆ ಸಾಕು. ಬರೀ ಕಡ್ಡಿ ಇದ್ರೆ ಅವತ್ತೇ ತೆಗೆದುಬಿಡಿ, ಪಾಪ ಅಂತ ನಾಳೆಗೆ ಬಿಟ್ರೆ ಅಷ್ಟರಲ್ಲಿ ಮೊಟ್ಟೆ ಇಟ್ಟಿರತ್ತೆ. ಮತ್ತೆ ತಂದಿಡತ್ತೆ, ನೀವೂ ಮತ್ತೆ ತೆಗೀರಿ, ಆ ಜಾಗಕ್ಕೆ ಮೆಶ್ಶೋ ರಟ್ಟೋ ಅಡ್ಡ ಕೊಡಿ.

ಮೊಟ್ಟೆ ಇಟ್ಟಾಗಿದ್ರೆ ಕಥೆ ಬೇರೆ. ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆ, ಕಾವು ಎರಡು ವಾರ, ಮರಿ ಹಾರೋಕೆ ಇನ್ನೆರಡು ವಾರ, ಒಟ್ಟು ಒಂದು ತಿಂಗಳು ತಡ್ಕೋಬೇಕು. ಕಾಡುಹಕ್ಕಿ ಮೊಟ್ಟೆ, ಮೊಟ್ಟೆ ಇರೋ ಗೂಡು ಹಾಳುಮಾಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು ಕೂಡ. ಲೈಟು, ಎಸಿ, ಯಾವುದ್ರ ಮೇಲಿದ್ಯೋ ಅದರ ಸ್ವಿಚ್ ಆಫ್ ಮಾಡಿ ಮೇಲೆ ಟೇಪ್ ಅಂಟಿಸಿ, ಇಲ್ಲಾಂದ್ರೆ ಮನೆಗೆ ಬಂದ ನೆಂಟರು ಯಾರೋ ಒತ್ತೇ ಒತ್ತುತ್ತಾರೆ. ಹೂಕುಂಡ ಆದ್ರೆ ಅಂಚಿಂದ ನಿಧಾನಕ್ಕೆ ನೀರು ಬಿಡಿ, ಗೂಡು ನೆನೀಬಾರ್ದು.

ಗೂಡು ಜಾರ್ತಾ ಇದ್ರೆ? ಅಗಲವಾದ ಸಣ್ಣ ಬುಟ್ಟಿ ತಗೊಂಡು, ಮಳೆನೀರು ನಿಲ್ಲದ ಹಾಗೆ ತಳ ನೋಡ್ಕೊಂಡು, ಗೂಡನ್ನ ಕಡ್ಡಿ ಸಮೇತ ಅದರೊಳಗಿಟ್ಟು ಅದೇ ಜಾಗದಲ್ಲಿ ತಂತಿಯಿಂದ ಬಿಗಿಯಾಗಿ ಕಟ್ಟಿ. ಆಮೇಲೆ ದೂರ ಹೋಗಿ ಕಿಟಕಿಯಿಂದ ನೋಡಿ. ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ಒಂದೇ ಸಲ ಸಾಗಿಸಿದ್ರೆ ತಾಯಿ ಹಳೇ ಜಾಗಕ್ಕೇ ಬಂದು ಕೂತು ಪೆದ್ದುಪೆದ್ದಾಗಿ ನೋಡತ್ತೆ, ಹೊಸದನ್ನ ಹುಡುಕೋದೇ ಇಲ್ಲ. ಮನುಷ್ಯರ ಕೈ ವಾಸನೆಗೆ ಮರಿ ಬಿಟ್ಟುಹೋಗತ್ತೆ ಅಂತಾರಲ್ಲ, ಅದು ಸುಳ್ಳು. ಪದೇ ಪದೇ ಇಣುಕಿದ್ರೆ ಬಿಟ್ಟುಹೋಗೋದು ನಿಜ.

ಮರಿ ಕೆಳಗೆ ಬಿದ್ರೆ, ಗಾಯ ಇಲ್ಲಾಂದ್ರೆ, ವಾಪಸ್ ಗೂಡಲ್ಲಿಡಿ. ದಯವಿಟ್ಟು ಹಸುವಿನ ಹಾಲು, ಅನ್ನ ಹಾಕೋಕೆ ಹೋಗ್ಬೇಡಿ. ಅಪ್ಪ ಅಮ್ಮ ಇಬ್ರ ಗಂಟಲಚೀಲದಲ್ಲೂ ಹಾಲಿನಂಥದ್ದು ಊರತ್ತೆ, ಮರಿ ಅವರ ಬಾಯೊಳಗೇ ಕೊಕ್ಕು ತೂರಿಸಿ ಕುಡಿಯತ್ತೆ, ಅದನ್ನ ನಾವು ಡ್ರಾಪರಲ್ಲಿ ಮಾಡೋಕಾಗಲ್ಲ. ಗಾಯ ಆಗಿದ್ರೆ ಗಾಳಿ ಆಡೋ ರಟ್ಟಿನ ಡಬ್ಬದಲ್ಲಿಟ್ಟು ಹಕ್ಕಿ ನೋಡೋ ಡಾಕ್ಟರ್ ಹತ್ರ ಒಯ್ಯಿರಿ.

ಮರಿ ಹಾರಿಹೋದ ಮೇಲೆ ತಡ ಮಾಡ್ಬೇಡಿ, ಅದೇ ಜೋಡಿ ಅದೇ ಜಾಗಕ್ಕೆ ಮತ್ತೆ ಬರೋ ಚಾನ್ಸ್ ಜಾಸ್ತಿ. ಹೊಸ ಮೊಟ್ಟೆ ಇಲ್ಲ ಅಂತ ನೋಡ್ಕೊಂಡು, ಮಾಸ್ಕ್ ಹಾಕ್ಕೊಂಡು, ಹಿಕ್ಕೆ ಮೇಲೆ ನೀರು ಚಿಮುಕಿಸಿ ಒದ್ದೆ ಮಾಡಿ ಆಮೇಲೆ ಕೆರೆದು ತೆಗೀರಿ, ಒಣಗಿದ್ದನ್ನ ಗುಡಿಸಿದ್ರೆ ಧೂಳು ನೇರ ಮೂಗಿಗೆ. ಅವತ್ತೇ ಮೆಶ್ ಹೊಡೆಸಿ.