ಗಿರಿಯಿಂದ ಗೊರೂರಿಗೆ: ನಡಿಗೆ ಮೊದಲು, ನೀರು ಕೊನೆಗೆ

ಡಯಾಲಿಸಿಸ್ ರೋಗಿಗಳ ಓಡಾಟದ ಖರ್ಚಿಗೆ ದುಡ್ಡು ಕೂಡಿಸಲು ಡಿಸೆಂಬರ್‌ನಲ್ಲಿ ನಡಿಗೆ, ಸೈಕಲ್, ದೋಣಿ ಸೇರಿಸಿ ಮಾಡಿದ ನಾಲ್ಕು ದಿನದ ಯಾತ್ರೆಯ ಲೆಕ್ಕ ಇದು. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ನೀರಿನ ಮಟ್ಟ 2,922 ಅಡಿ, ಅಂದರೆ ಸುಮಾರು 890 ಮೀಟರ್. ನಡುವೆ ಸಾವಿರ ಮೀಟರ್ ಇಳಿಜಾರು ಇಟ್ಟುಕೊಂಡು ಅದನ್ನು ಕೆಳಗಿಂದ ಮೇಲಕ್ಕೆ ಮಾಡಲು ಹೋಗಿ ಎರಡು ಸಲ ಕೈಸುಟ್ಟುಕೊಂಡೆವು. ಸಾಹಸ ಅಂದಮೇಲೆ ಬೆಟ್ಟದ ನೆತ್ತಿಯಲ್ಲೇ ಮುಗಿಯಬೇಕು, ಆಗಲೇ ದಾನಿಗಳು ಒಪ್ಪುತ್ತಾರೆ ಅಂತ ಎಲ್ಲರೂ ಹೇಳಿದ್ದರು. ಮೂರನೇ ಸಲ ಪೂರ್ತಿ ತಿರುಗಿಸಿದೆವು: ಮೊದಲ ದಿನ ನಡಿಗೆ, ಎರಡು ದಿನ ಸೈಕಲ್, ನಾಲ್ಕನೇ ದಿನ ದೋಣಿಯ ಹುಟ್ಟು. ಹೊರಟ ಒಂಬತ್ತು ಜನರೂ ಮುಗಿಸಿದರು. ಸೈಕಲ್ ರಿಪೇರಿ, ಹುಟ್ಟು ಹಿಡಿಯುವ ಬಗೆ ಇವೆಲ್ಲ ಓದುವವರಿಗೆ ಗೊತ್ತಿರುತ್ತದೆ, ಬಿಡುತ್ತೇನೆ.

ಈ ಕ್ರಮವೇ ಯಾಕೆ ಅನ್ನುವುದಕ್ಕೆ ಪಾದ ನೋಡಿದರೆ ಸಾಕು. ಮೂರು ಗಂಟೆ ದೋಣಿಯಲ್ಲಿ ಕೂತು ಇಳಿದ ಪಾದ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ, ಹಿಮ್ಮಡಿ ಚರ್ಮ ನೆನೆದ ಅವಲಕ್ಕಿಯ ಹಾಗೆ ಮೆತ್ತಗಿರುತ್ತದೆ. ಅದೇ ಪಾದಕ್ಕೆ ಒಣ ಸಾಕ್ಸ್ ಹಾಕಿಕೊಂಡು ನಡೆದರೂ ನಾಲ್ಕೈದು ಕಿ.ಮೀ.ನಲ್ಲಿ ಚರ್ಮ ಜಾರಿ ಗುಳ್ಳೆ ಏಳುತ್ತದೆ. ಮೊದಲ ಸಲ ಹಿನ್ನೀರಿನಿಂದ ಹಾಸನಕ್ಕೆ ನಡೆದೇ ಹೋಗುವುದೆಂದಿತ್ತು. ಏಳು ಜನರಲ್ಲಿ ನಾಲ್ವರ ಹಿಮ್ಮಡಿ ಅಲ್ಲೇ ಕಿತ್ತುಹೋಯಿತು. ಎರಡನೇ ಸಲ ನೀರಾದ ಮೇಲೆ ಸೈಕಲ್ ಇಟ್ಟೆವು. ಒದ್ದೆ ಚಡ್ಡಿಯಲ್ಲೇ ಸೀಟು ಹತ್ತಿದ್ದರಿಂದ ತೊಡೆಸಂದು ಉಜ್ಜಿ ಗಾಯವಾಯಿತು. ಗಿರಿ ಹತ್ತುವ ಸರ್ಪದಾರಿ ಮುಟ್ಟುವಾಗ ಮಧ್ಯಾಹ್ನ ಮೂರು ದಾಟಿ ಮಂಜು ಇಳಿದಿತ್ತು, ಮೇಲೆ ಬಿಡಲಿಲ್ಲ.

ಬೆಟ್ಟ ಇಳಿದು ನಡೆದ ಮಾರನೇ ದಿನ ತೊಡೆಯ ಮುಂಭಾಗ ಹಿಡಿದುಕೊಳ್ಳುತ್ತದೆ, ಮೆಟ್ಟಿಲು ಇಳಿಯುವುದೂ ಕಷ್ಟ. ಆದರೆ ಪೆಡಲ್ ತುಳಿಯುವಾಗ ಆ ನೋವು ಅಷ್ಟಾಗಿ ಕಾಡುವುದಿಲ್ಲ, ಸ್ನಾಯು ಭಾರ ತಡೆಹಿಡಿಯುವ ಕೆಲಸ ಅಲ್ಲಿಲ್ಲ. ಮೊದಲ ಇಪ್ಪತ್ತು ಕಿ.ಮೀ. ಹಗುರ ಗೇರಿನಲ್ಲಿ ಬಿಟ್ಟರೆ ಕಾಲು ಸಡಿಲಾಗುತ್ತದೆ. ಕೊನೆಯ ದಿನ ಕಾಲಿಗೆ ರಜೆ, ಕೆಲಸವೆಲ್ಲ ಬೆನ್ನು ತೋಳಿನದು.

ನಡಿಗೆ: ಸರ್ಪದಾರಿಯಿಂದ ಗಿರಿ ಹತ್ತಿ, ಸೀತಾಳಯ್ಯನಗಿರಿ, ಕೈಮರದ ಮೂಲಕ ಚಿಕ್ಕಮಗಳೂರಿಗೆ ಒಟ್ಟು ಸುಮಾರು 25 ಕಿ.ಮೀ. ಬೆಳಿಗ್ಗೆ ಆರಕ್ಕೆ ಹತ್ತಲು ಶುರು, ಒಂಬತ್ತರೊಳಗೆ ತುದಿ. ಇಳಿಯುವಾಗ ಪೆಟ್ಟು ಬೀಳುವುದು ಹೆಬ್ಬೆರಳಿನ ಉಗುರಿಗೆ. ಶೂ ಅರ್ಧ ಸೈಜ್ ದೊಡ್ಡದಿರಲಿ, ಉಗುರು ಎರಡು ದಿನ ಮೊದಲೇ ಕತ್ತರಿಸಿರಲಿ, ಲೇಸನ್ನು ಪಾದದ ಮೇಲೆ ಸಡಿಲ ಬಿಟ್ಟು ಕಣಕಾಲಿನ ಹತ್ತಿರ ಬಿಗಿ ಮಾಡಿ. ಡಿಸೆಂಬರ್‌ನಲ್ಲಿ ಇಂಬಳದ ಕಾಟ ಕಡಿಮೆ, ಅಭ್ಯಾಸ ಮಾಡುವ ಮಳೆಗಾಲದಲ್ಲಿ ವಿಪರೀತ. ಉಪ್ಪಿನ ಗಂಟು ಮಳೆಯಲ್ಲಿ ಕರಗಿಹೋಗುತ್ತದೆ. ನಶ್ಯವನ್ನು ಹರಳೆಣ್ಣೆಯಲ್ಲಿ ಕಲಸಿ ಸಾಕ್ಸ್ ಅಂಚಿಗೆ ಬಳಿಯುವುದು ಹೆಚ್ಚು ಹೊತ್ತು ನಿಲ್ಲುತ್ತದೆ. ಅದಕ್ಕೆ ನಾವು ಸೇರಿಸುವ ಇನ್ನೊಂದು ಪದಾರ್ಥವಿದೆ, ಅದು ನಮ್ಮಲ್ಲೇ ಇರಲಿ. ದತ್ತ ಜಯಂತಿಯ ದಿನಗಳಲ್ಲಿ ಗಿರಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಪಂಚಾಂಗ ನೋಡಿ ದಿನ ಇಡಿ.

ಉಜ್ಜುಗಾಯಕ್ಕೆ ಕೊಬ್ಬರಿ ಎಣ್ಣೆಯನ್ನೇ ನಂಬಿದ್ದೆವು. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯಿಂದ ಹೊರಗೇ ಬರುವುದಿಲ್ಲ. ಬಾಯಿ ಅಗಲದ ಡಬ್ಬಿಗೆ ತುಂಬಿ ಬೆರಳಲ್ಲಿ ತೆಗೆದು ಹಚ್ಚುವುದು ಸರಿ. ಆದರೆ ಬಿಸಿಲೇರಿದ ಮೇಲೆ ಕರಗಿ ಹರಿದುಹೋಗುತ್ತದೆ, ಮಧ್ಯಾಹ್ನಕ್ಕೆ ವ್ಯಾಸಲೀನೇ ಗತಿ. ಹರಳೆಣ್ಣೆಯನ್ನು ಚೈನಿಗೂ ಹಾಕಿ ನೋಡಿದೆವು. ಜಾವಗಲ್ ಮುಟ್ಟುವಷ್ಟರಲ್ಲಿ ಧೂಳು ಮೆತ್ತಿ ಕಪ್ಪು ಅಂಟಾಯಿತು. ಬೇಡ.

ಸೈಕಲ್ ದಾರಿ ಚಿಕ್ಕಮಗಳೂರು, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ. ಅಲ್ಲಿ ರಾತ್ರಿ ತಂಗಿ ಮಾರನೇ ದಿನ ಹಾಸನದ ಮೇಲೆ ಗೊರೂರು. ಒಟ್ಟು 150 ಕಿ.ಮೀ. ಆಸುಪಾಸು. ಬಾಣಾವರ ಕಡೆ ರಸ್ತೆ ಅಂಚಿಗೆ ಇಳಿದರೆ ಜಾಲಿ ಮುಳ್ಳು. ಎರಡನೇ ಸಲ ಒಂದೇ ಮಧ್ಯಾಹ್ನ ಹನ್ನೊಂದು ಪಂಕ್ಚರ್. ಈ ಸಲ 38 ಎಂಎಂ ಟೈರಿನೊಳಗೆ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿಯಾಗಿ ಹಾಸಿದೆವು. ಚಕ್ರಕ್ಕೆ ನೂರು ಗ್ರಾಂ ತೂಕ ಹೆಚ್ಚಿತು, ಪಂಕ್ಚರ್ ಎರಡಕ್ಕೆ ಇಳಿಯಿತು. ಪಟ್ಟಿಯ ತುದಿಗಳನ್ನು ಓರೆಯಾಗಿ ಕತ್ತರಿಸಿ, ನೇರ ಕತ್ತರಿಸಿದರೆ ಆ ಅಂಚೇ ಒಳಗಿನ ಟ್ಯೂಬನ್ನು ತಿನ್ನುತ್ತದೆ. ಗಾಳಿ 55 ಪಿಎಸ್‌ಐ ಸಾಕು.

ತಿನ್ನಲು ಕೊಬ್ಬರಿ, ಬೆಲ್ಲ, ಹುರಿದ ಕಡಲೆಕಾಯಿ ಕುಟ್ಟಿದ ಉಂಡೆ, ಒಂದೊಂದು 40 ಗ್ರಾಂ, ಮುಕ್ಕಾಲು ಗಂಟೆಗೊಂದು. ಒಂಬತ್ತು ಜನರಿಗೆ ಎರಡು ದಿನಕ್ಕೆ ಒಂಬೈನೂರು ರೂಪಾಯಿ ಆಗಿರಬೇಕು. ಏರಿನ ಮುಂಚೆ ಮಾತ್ರ ಬೇಡ, ಕೊಬ್ಬರಿ ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಅಲ್ಲಿಗೆ ಬಾಳೆಹಣ್ಣು.

ನೀರಿನಲ್ಲಿ ಹೆಚ್ಚು ದುಡ್ಡು ಕಳೆದೆವು. ಮೊದಲು ಹರಿಗೋಲು ತಂದೆವು, ಚಿತ್ರಕ್ಕೆ ಚೆಂದ. ತಳ ದುಂಡಗಿರುವುದರಿಂದ ಗಾಳಿ ಬಿದ್ದರೆ ಗಿರಗಿರ ತಿರುಗುತ್ತದೆ, ಎರಡು ಗಂಟೆಯಲ್ಲಿ ಮೂರು ಕಿ.ಮೀ. ಸಾಗಲಿಲ್ಲ. ಆಮೇಲೆ ಗಾಳಿ ತುಂಬುವ ಕಯಾಕ್, 18,000 ಕೊಟ್ಟು ಕೊಂಡದ್ದು. ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆಗಳು ನೀರಿಗಿಂತ ಗೇಣಿನಷ್ಟು ಕೆಳಗೆ ನಿಂತಿರುತ್ತವೆ. ಒಂದು ತಾಗಿ ತಳ ಸೀಳಿತು. ಈಗ ಬಾಡಿಗೆಗೆ ಗಟ್ಟಿ ಪ್ಲಾಸ್ಟಿಕ್ಕಿನ, ಮೇಲೆ ಕೂರುವ ಇಬ್ಬರ ಕಯಾಕ್, ದಿನಕ್ಕೆ 1,500. ಗಂಟೆಗೆ ನಾಲ್ಕು ಕಿ.ಮೀ. ಆರಾಮಾಗಿ ಬರುತ್ತದೆ. ಅಭ್ಯಾಸಕ್ಕೆ ಬೇಲೂರಿನ ಯಗಚಿ ಹಿನ್ನೀರು ಒಳ್ಳೆಯದು.

ಬೆಳಿಗ್ಗೆ ಏಳಕ್ಕೆ ಮುಂಚೆ ಇಳಿಯಬೇಡಿ. ಮೀನುಗಾರರು ಸಂಜೆ ಬಿಟ್ಟ ಬಲೆ ಎತ್ತುವ ಹೊತ್ತು ಅದು, ಮಂಜಿನಲ್ಲಿ ಬಲೆಯ ಗುರುತಿನ ಥರ್ಮಾಕೋಲ್ ತುಂಡುಗಳು ಕಾಣುವುದಿಲ್ಲ. ಹತ್ತರ ಮೇಲೆ ಮೂಡಣ ಗಾಳಿ ಬಲಿಯುತ್ತದೆ. ಇರುವುದು ಮೂರೇ ಗಂಟೆ. ಕಟ್ಟೆಯಿಂದ ಬಹಳ ದೂರದಲ್ಲಿ ದೋಣಿ ಇಳಿಸಿ, ಗಾಳಿ ಬೆನ್ನಿಗಿರುವ ಹಾಗೆ, ದಂಡೆ ಸವರಿಕೊಂಡು ಶೆಟ್ಟಿಹಳ್ಳಿ ಕಡೆ ಹತ್ತು ಹನ್ನೆರಡು ಕಿ.ಮೀ. ಅನುಮತಿ ಅರ್ಜಿಯನ್ನು ನಾವು ನಲವತ್ತೈದು ದಿನ ಮೊದಲೇ ಕೊಟ್ಟೆವು. ಹಿಂದೊಮ್ಮೆ ಹತ್ತು ದಿನ ಮೊದಲು ಕೊಟ್ಟಿದ್ದು ಮೇಜಿನಿಂದ ಮೇಜಿಗೆ ತಿರುಗುತ್ತಲೇ ಉಳಿಯಿತು. ಇಳಿಯುವ, ಏರುವ ಜಾಗ, ಈಜು ಬಲ್ಲವರ ಪಟ್ಟಿ, ಲೈಫ್ ಜಾಕೆಟ್ ಲೆಕ್ಕ, ಜೊತೆಗೆ ಬರುವ ಮೋಟಾರ್ ದೋಣಿಯ ವಿವರ ಒಂದೇ ಹಾಳೆಯಲ್ಲಿರಲಿ.

ದುಡ್ಡು ಯಾರಿಗೆ ಅನ್ನುವುದನ್ನು ಹೇಳಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತವಾಗಿ ಸಿಕ್ಕರೂ ವಾರಕ್ಕೆ ಎರಡು ಮೂರು ಸಲ ಅಲ್ಲಿಗೆ ಹೋಗಿಬರುವುದೇ ಬಡವರಿಗೆ ಹೊರೆ. ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಬಸ್ ಖರ್ಚಿಲ್ಲ ನಿಜ, ಆದರೆ ತೋಟದ ಕೂಲಿಕಾರರ ಲೈನ್ ಮನೆಯಿಂದ ಮುಖ್ಯರಸ್ತೆಗೆ ಆಟೊ ಬೇಕು. ಒಬ್ಬರಿಗೆ ತಿಂಗಳಿಗೆ ಸರಾಸರಿ 2,700 ಬರುತ್ತದೆ ಅಂತ ಲೆಕ್ಕ ಹಾಕಿದೆವು. ಬಸ್ ತಪ್ಪಿತು ಅಂತ ಒಂದು ಸರದಿ ಬಿಟ್ಟರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ಇದು ಯಾರಿಗೂ ಆಗಬಾರದು.

ಮೊದಲು ದಾನಿಗಳಿಂದ ಕಿ.ಮೀ.ಗೆ ಇಷ್ಟು ಅಂತ ಮಾತು ತೆಗೆದುಕೊಂಡೆವು. 1.8 ಲಕ್ಷ ಬರೆಸಿದರು, ಕೈಗೆ ಬಂದದ್ದು 70 ಸಾವಿರ. ಖರ್ಚೇ 90 ಸಾವಿರ ಆಗಿತ್ತು. ಈಗ ಕಿ.ಮೀ. ಲೆಕ್ಕವಿಲ್ಲ. ಒಬ್ಬ ರೋಗಿಯ ಒಂದು ತಿಂಗಳು, 2,700, ಮುಂಗಡ. ಕಾಫಿ ದುಡ್ಡು ಬೆಳೆಗಾರರ ಕೈಗೆ ಬರುವುದು ಫೆಬ್ರವರಿ ಮಾರ್ಚ್‌ನಲ್ಲಿ, ಹಿನ್ನೀರು ತುಂಬಿರುವುದು ಅದಕ್ಕೆ ಮುಂಚೆ. ಆದ್ದರಿಂದ ಡಿಸೆಂಬರ್ ಯಾತ್ರೆಗೆ ಮಾರ್ಚ್‌ನಲ್ಲೇ ಕೇಳಿ, ಏಪ್ರಿಲ್‌ನಿಂದಲೇ ರೋಗಿಗಳಿಗೆ ಕೊಡಲು ಶುರು ಮಾಡಿದೆವು. ಹೊರಡುವ ಹೊತ್ತಿಗೆ ಎಂಟು ತಿಂಗಳ ಲೆಕ್ಕ ತೋರಿಸಲು ಇತ್ತು, ಸಣ್ಣ ದಾನಿಗಳು ತಾವಾಗಿ ಬಂದರು. ಒಟ್ಟು 3.4 ಲಕ್ಷ ಚಿಲ್ಲರೆ, ಹತ್ತು ಜನರ ಒಂದು ವರ್ಷ. ಯಾತ್ರೆಯ ಖರ್ಚು 62 ಸಾವಿರವನ್ನು ಬೇರೆ ಮೂವರು ಕೊಟ್ಟರು, ದಾನದಿಂದ ಒಂದು ರೂಪಾಯಿ ಮುಟ್ಟಲಿಲ್ಲ. ಖಾತೆ ಟ್ರಸ್ಟಿನದೇ ಇರಲಿ, ವೈಯಕ್ತಿಕ ಕ್ಯುಆರ್ ಬೇಡವೇ ಬೇಡ. 2,000 ಮೀರಿದ ನಗದು ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಇಲ್ಲ, ಅದನ್ನು ರಸೀದಿ ಬರೆಯುವಾಗಲೇ ಹೇಳಿ.

ನೀರಲ್ಲಿ ಮುಗಿಸಿದರೆ ನೋಡುವವರಿಲ್ಲ ಅನ್ನುವ ಮಾತೂ ಸುಳ್ಳಾಯಿತು. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಹಳೇ ಚರ್ಚ್ ಹಿನ್ನೀರಿನಲ್ಲಿ ನಿಂತಿರುತ್ತದೆ, ಭಾನುವಾರ ಜನ ಬಂದೇ ಬರುತ್ತಾರೆ. ಅಲ್ಲೇ 21 ಸಾವಿರ ಕೂಡಿತು. ಆದರೆ ನೀರು ಇಳಿಯುತ್ತಿರುವ ದಂಡೆಯಲ್ಲಿ ಮೊಣಕಾಲುದ್ದ ಜೇಡಿ. ಗೋಣಿಚೀಲ ಇಪ್ಪತ್ತು, ಎರಡು ಅಡಕೆ ದಬ್ಬೆ ಮೊದಲೇ ತಂದಿಡಿ, ದೋಣಿಯನ್ನು ಅದರ ಮೇಲೆ ಜಾರಿಸಿ ಎಳೆಯಿರಿ. ಕೆಸರನ್ನು ಅಲ್ಲೇ ಹಸಿಯಾಗಿರುವಾಗ ತೊಳೆದುಬಿಡಿ, ಒಣಗಿದರೆ ಕೆರೆದು ತೆಗೆಯಬೇಕು, ಬಾಡಿಗೆಯವರು ಠೇವಣಿ ಹಿಡಿಯುತ್ತಾರೆ.