ಕಂಪಾಸ್ ಹಿಡಿದು ಕ್ಯಾರೆಗ್ ಗೋಖ್ ಹತ್ತಿದ್ದು: ನನ್ನ ಅನುಭವ

ದಕ್ಷಿಣ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಸಾಲಿನ ಪಶ್ಚಿಮ ಭಾಗದಲ್ಲಿ ಕ್ಯಾರೆಗ್ ಗೋಖ್ ಅಂತ ಒಂದು ಗುಡ್ಡ ಇದೆ. ಎತ್ತರ 558 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೂರನೇ ಒಂದು ಭಾಗವೂ ಇಲ್ಲ. 1944ರ ನವೆಂಬರ್ 20ರ ರಾತ್ರಿ, ಎರಡನೇ ಮಹಾಯುದ್ಧದ ಸಮಯದಲ್ಲಿ, ಅಲ್ಲಿ ಬ್ರಿಟಿಷ್ ವಾಯುಪಡೆಯ ಒಂದು ವೆಲ್ಲಿಂಗ್ಟನ್ ಬಾಂಬರ್ ವಿಮಾನ ಬಿತ್ತು. ನಂಬರ್ ಎಂಎಫ್ 509. ಅದು ಯುದ್ಧಕ್ಕೆ ಹೊರಟಿರಲಿಲ್ಲ. 22ನೇ ಆಪರೇಷನಲ್ ಟ್ರೈನಿಂಗ್ ಯೂನಿಟ್‌ನ (ತರಬೇತಿ ಘಟಕದ) ವಿಮಾನ, ರಾತ್ರಿ ದಾರಿ ಹುಡುಕುವ ತರಬೇತಿಗೆ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಿಂದ ಎದ್ದಿತ್ತು. ಒಳಗಿದ್ದ ಆರೂ ಮಂದಿ ಕೆನಡಾದವರು. ಒಬ್ಬರೂ ಉಳಿಯಲಿಲ್ಲ.

ಎಂಜಿನ್ ಕೈಕೊಟ್ಟು ವಿಮಾನ ಕೆಳಗಿಳಿಯಿತು ಅನ್ನುತ್ತಾರೆ. ಕತ್ತಲಲ್ಲಿ, ಬೆಟ್ಟದ ಸೀಮೆಯಲ್ಲಿ ಕೆಳಗಿಳಿಯಬೇಕಾಗಿ ಬಂದಾಗ ಎರಡೇ ವಿಷಯ ಗೊತ್ತಿರಬೇಕು. ನಾವು ಎಲ್ಲಿದ್ದೇವೆ? ನೆಲ ಎಷ್ಟು ಕೆಳಗಿದೆ? ಇವೆರಡನ್ನೂ ತಿಳಿಯುವುದು ಆಗ ಎಷ್ಟು ಕಷ್ಟವಿತ್ತು ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಮೊಬೈಲನ್ನು ಬ್ಯಾಗಿನ ತಳಕ್ಕೆ ಹಾಕಿ, ಬರೀ ಮ್ಯಾಪ್ ಮತ್ತು ಕಂಪಾಸ್ ಹಿಡಿದು ಆ ಜಾಗಕ್ಕೆ ನಡೆದಾಗ.

ನಾವಿಬ್ಬರು ಕ್ರೇಗ್-ಅ-ನೋಸ್ ಕಡೆಯಿಂದ ಹತ್ತಿದೆವು. ಜೊತೆಗೆ ಬಂದವನು ಕಾರ್ಡಿಫ್‌ನಲ್ಲಿ ಓದುತ್ತಿರುವ ಹಾಸನದ ಹುಡುಗ. ಮೇಲೆ ಹೋದಂತೆ ಮಂಜು ಕವಿಯಿತು. ಆಮೇಲೆ ಎಲ್ಲಾ ಲೆಕ್ಕದ ಮೇಲೇ. 1:25,000 ಮ್ಯಾಪ್‌ನಲ್ಲಿ ನಾಲ್ಕು ಮಿಲಿಮೀಟರ್ ಅಂದರೆ ನೆಲದ ಮೇಲೆ 100 ಮೀಟರ್. ಸಮತಟ್ಟು ದಾರಿಯಲ್ಲಿ ನಾನು 100 ಮೀಟರ್ ನಡೆದರೆ ಎಡಗಾಲು 64 ಸಲ ನೆಲಕ್ಕೆ ಬೀಳುತ್ತದೆ. ಒದ್ದೆ ಹುಲ್ಲಿನ ಗುಪ್ಪೆಗಳ ನಡುವೆ ಅದೇ 80ರ ಹತ್ತಿರ ಹೋಗುತ್ತದೆ. ಇದನ್ನು ಮನೆ ಹತ್ತಿರದ ಮೈದಾನದಲ್ಲೂ ಇಳಿಜಾರಿನಲ್ಲೂ ಮೊದಲೇ ಅಳೆದು ಇಟ್ಟುಕೊಳ್ಳಬೇಕು. ನೂರು ಮೀಟರ್ ಆದಾಗಲೆಲ್ಲ ದಾರಕ್ಕೆ ಪೋಣಿಸಿದ ಒಂದು ಮಣಿಯನ್ನು ಕೆಳಗೆ ಸರಿಸುತ್ತೇನೆ.

ಇಲ್ಲಿನ ನೆಲ ಸುಣ್ಣಕಲ್ಲಿನದು. ಅಲ್ಲಲ್ಲಿ ನೆಲ ಕುಸಿದು ಆಲಿಕೆಯಂಥ ಗುಂಡಿಗಳಾಗಿವೆ. ಒಂದನ್ನು ಬಳಸಿ ಹೋದರೆ ಸಾಕು, ನೇರ ತಪ್ಪಿಹೋಗುತ್ತದೆ. ಅದಕ್ಕೇ ಹುಡುಗನನ್ನು ಮುಂದೆ ಕಳಿಸಿದೆ. "ಅಣ್ಣಾ, ಕಾಣ್ತಿದೀನಾ?" ಅಂತ ಅವನು ಕೂಗುವುದು, ನಾನು ಕಂಪಾಸ್ ನೋಡಿ "ಸ್ವಲ್ಪ ಎಡಕ್ಕೆ, ಹಾಂ, ಅಲ್ಲೇ ನಿಲ್ಲು" ಅನ್ನುವುದು, ಆಮೇಲೆ ಅವನವರೆಗೆ ನಡೆಯುವುದು. ನಿಧಾನದ ಕೆಲಸ. ಆದರೆ ಮಂಜಿನಲ್ಲಿ ಇದಕ್ಕಿಂತ ಭರವಸೆಯ ದಾರಿ ನನಗೆ ಗೊತ್ತಿಲ್ಲ.

ವಿಮಾನದ ನ್ಯಾವಿಗೇಟರ್ ಮಾಡುತ್ತಿದ್ದುದೂ ಇದನ್ನೇ. ದಿಕ್ಕು, ವೇಗ, ಹೋದ ಸಮಯ, ಈ ಮೂರರಿಂದ ಜಾಗ ಕಂಡುಹಿಡಿಯುವುದು. ಡೆಡ್ ರೆಕನಿಂಗ್ ಅನ್ನುತ್ತಾರೆ. ಆದರೆ ಅವನ ಕಷ್ಟವೇ ಬೇರೆ. ನನ್ನ ಕಾಲ ಕೆಳಗಿನ ನೆಲ ಸರಿಯುವುದಿಲ್ಲ, ಅವನನ್ನು ಹೊತ್ತ ಗಾಳಿ ಸರಿಯುತ್ತಲೇ ಇರುತ್ತದೆ. ಗಾಳಿಯ ಅಂದಾಜು ಗಂಟೆಗೆ 20 ಮೈಲಿ ತಪ್ಪಿದರೆ ಅರ್ಧ ಗಂಟೆಯಲ್ಲಿ ವಿಮಾನ 10 ಮೈಲಿ ಆಚೆ. ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ಪಕ್ಕಕ್ಕೆ. ಅದರ ಮೇಲೆ ಯುದ್ಧಕಾಲದಲ್ಲಿ ಊರುಗಳ ದೀಪಕ್ಕೂ ಕಡಿವಾಣ. ಕೆಳಗೆ ಊರಿದೆಯೋ ಬೆಟ್ಟವಿದೆಯೋ ತಿಳಿಯುವುದು ಕಷ್ಟ. ಈಗ ಇಲ್ಲಿ ಕಂಪಾಸ್ ಮುಳ್ಳು ಹೆಚ್ಚುಕಡಿಮೆ ನಿಜವಾದ ಉತ್ತರಕ್ಕೇ ನಿಲ್ಲುತ್ತದೆ. ಆಗ ಸುಮಾರು ಹತ್ತು ಡಿಗ್ರಿ ಪಶ್ಚಿಮಕ್ಕೆ ವಾಲುತ್ತಿತ್ತು. ಆ ಲೆಕ್ಕವನ್ನೂ ಸೇರಿಸಿಕೊಳ್ಳಬೇಕಿತ್ತು.

ಎತ್ತರದ ವಿಷಯ ಇನ್ನೂ ಕಷ್ಟ. ನನ್ನ ಕೈಗಡಿಯಾರದ ಆಲ್ಟಿಮೀಟರ್ ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತದೆ. ಬೆಳಿಗ್ಗೆ ಕಾರು ನಿಲ್ಲಿಸಿದ ಕಡೆ ಸರಿಮಾಡಿದ್ದೆ. ಹವೆ ಕೆಡುತ್ತಾ ಬಂದಂತೆ ಅದು ನಿಜಕ್ಕಿಂತ ಜಾಸ್ತಿ ತೋರಿಸತೊಡಗಿತು. ಗುಡ್ಡದ ತುದಿಯಲ್ಲಿ ಮ್ಯಾಪ್ ನೋಡಿ ಮತ್ತೆ ಸರಿಮಾಡಿದೆ. ವಿಮಾನದ್ದೂ ಇದೇ ಕಥೆ. ಹೊರಟ ಜಾಗದ ಒತ್ತಡಕ್ಕೆ ಮುಳ್ಳು ಹೊಂದಿಸಿ, ಒತ್ತಡ ಕಡಿಮೆ ಇರುವ ಕಡೆ ಹಾರಿದರೆ ಹತ್ತು ಮಿಲಿಬಾರ್ (ಒತ್ತಡದ ಅಳತೆ) ವ್ಯತ್ಯಾಸಕ್ಕೆ ಸುಮಾರು 300 ಅಡಿ ಸುಳ್ಳು ಹೇಳುತ್ತದೆ. ಕ್ಯಾರೆಗ್ ಗೋಖ್ ಇರುವುದೇ ಸುಮಾರು 1,830 ಅಡಿ. ತಗ್ಗಿನಲ್ಲಿ ಹಾರುತ್ತಿರುವ ವಿಮಾನಕ್ಕೆ 300 ಅಡಿ ಸಣ್ಣದಲ್ಲ, ಅಲ್ವಾ? ರೆಕ್ಕೆಗೆ ಮಂಜುಗಡ್ಡೆ ಹತ್ತಿದರೆ ಮೇಲೇರುವುದೂ ಆಗದು.

ಅವಶೇಷ ಗುಡ್ಡದ ಮೇಲೆ ಈಗಲೂ ಇದೆ. ಹತ್ತಿರ ಹೋದರೆ ಮೊದಲು ಕಾಣುವುದು ಜಾಲರಿ. ಬ್ರಿಟಿಷ್ ಎಂಜಿನಿಯರ್ ಬಾರ್ನ್ಸ್ ವಾಲಿಸ್ ರೂಪಿಸಿದ ಜಿಯೊಡೆಟಿಕ್ ಕಟ್ಟಣೆ: ಅಲ್ಯೂಮಿನಿಯಂ ಮಿಶ್ರಲೋಹದ ಪಟ್ಟಿಗಳು ಓರೆಯಾಗಿ ಒಂದನ್ನೊಂದು ದಾಟುತ್ತವೆ, ದಾಟುವ ಕಡೆಯೆಲ್ಲ ರಿವೆಟ್. ಮೇಲೆ ಹೊದಿಸಿದ್ದ ಬಟ್ಟೆ ಪೂರ್ತಿ ಹೋಗಿದೆ. ಕೆಲವು ಪಟ್ಟಿಗಳು ತಂತಿಯಂತೆ ಮಡಚಿಕೊಂಡಿವೆ, ಇನ್ನು ಕೆಲವು ಅಚ್ಚಿನಿಂದ ಈಗ ತೆಗೆದಷ್ಟು ನೇರವಾಗಿವೆ. ಈ ಕಟ್ಟಣೆಯಿಂದಾಗಿಯೇ ವೆಲ್ಲಿಂಗ್ಟನ್‌ಗಳು ಗುಂಡಿನ ಪೆಟ್ಟು ತಿಂದು ಅರ್ಧ ಮೈ ಹರಿದುಕೊಂಡು ಬಂದರೂ ಕ್ಷೇಮವಾಗಿ ಇಳಿಯುತ್ತಿದ್ದವು. ಇಲ್ಲಿನ ಕಲ್ಲಿನ ಮುಂದೆ ಅದೂ ನಡೆಯಲಿಲ್ಲ.

ಪೈಲಟ್, ನ್ಯಾವಿಗೇಟರ್, ಬಾಂಬ್ ಗುರಿಯಿಡುವ ಬಾಂಬ್ ಏಮರ್, ರೇಡಿಯೊ ನೋಡುವವರು, ಇಬ್ಬರು ಗನ್ನರ್‌ಗಳು. ಇಂಥ ತರಬೇತಿ ಘಟಕಗಳಲ್ಲಿ ಆರು ಜನರ ತಂಡ ಒಟ್ಟಾಗಿ ಕಲಿಯುತ್ತಿದ್ದುದು ಹೀಗೆ. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್ ಆ ಯುದ್ಧದಲ್ಲಿ ಕಳೆದುಕೊಂಡ 55,573 ಜನರಲ್ಲಿ ಸಾವಿರಾರು ಮಂದಿ ಶತ್ರುವಿನ ನೆಲ ನೋಡುವ ಮೊದಲೇ, ತರಬೇತಿಯಲ್ಲೇ ಹೋದರು. ಅವರನ್ನೂ ಯುದ್ಧದಲ್ಲಿ ಮಡಿದವರಷ್ಟೇ ಗೌರವದಿಂದ ನೆನೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಟ್ಟಗಳಲ್ಲಿ ಇಂಥ ಅಪಘಾತ ಎಷ್ಟಾದವೆಂದರೆ, ಉತ್ತರ ವೇಲ್ಸ್‌ನ ಲಾಂಡುರೋಗ್‌ ವಾಯುನೆಲೆಯಲ್ಲಿ ವೈದ್ಯಾಧಿಕಾರಿಯಾಗಿದ್ದ ಜಾರ್ಜ್ ಗ್ರಹಾಂ ಶುರುಮಾಡಿದ ಹುಡುಕಾಟದ ಕೆಲಸದಿಂದಲೇ ರಾಯಲ್ ಏರ್ ಫೋರ್ಸ್‌ನ ಪರ್ವತ ರಕ್ಷಣಾ ತಂಡ ಹುಟ್ಟಿತು.

ಹೋಗುವವರಿಗೆ ಒಂದು ಮಾತು. ಒಂದು ರಿವೆಟ್ಟನ್ನೂ ಎತ್ತಬೇಡಿ. ಬ್ರಿಟನ್ನಿನ 1986ರ ಕಾನೂನಿನಡಿ ಸೇನಾ ವಿಮಾನಗಳ ಅವಶೇಷಕ್ಕೆ ರಕ್ಷಣೆ ಇದೆ, ಪರವಾನಗಿ ಇಲ್ಲದೆ ಕದಲಿಸಿದರೆ ಅಪರಾಧ. ಮಂಜಿನಲ್ಲಿ ಕಂಪಾಸ್ ಬಳಸಿ ಅಭ್ಯಾಸ ಇಲ್ಲದಿದ್ದರೆ ಬಿಸಿಲಿನ ದಿನವೇ ಹೋಗಿ. ನಾವು ಮುಂದೆ ಹೋಗಬೇಕೆಂದಿರುವುದು ಇದೇ ಬೆಟ್ಟಸಾಲಿನಲ್ಲಿ ಟಾಲಿಬಾಂಟ್ ಊರಿನ ಮೇಲಿರುವ ವೈನ್ ರಿದ್ ಬೆಟ್ಟಕ್ಕೆ. ಅಲ್ಲಿ 1942ರ ಜುಲೈ 6ರಂದು ಇದೇ 22ನೇ ಘಟಕದ ಇನ್ನೊಂದು ವೆಲ್ಲಿಂಗ್ಟನ್ ಬಿದ್ದು ಐವರು ಕೆನಡಾದವರು ತೀರಿಕೊಂಡರು. ಈ ಸಲ ಮುಂದೆ ನಡೆಯುವವನು ನಾನು, ಕಂಪಾಸ್ ಹುಡುಗನ ಕೈಯಲ್ಲಿ.